ಪ್ಲೇನೇ ಇಲ್ಲದ ರನ್‌ವೇ ಕಾಯೋ ಖರ್ಚು: 2020ರಲ್ಲಿ ಎಎಐ ಹೇಗೆ ಬಚಾವಾಯ್ತು

2020ರ ಮಾರ್ಚ್ 24, ರಾತ್ರಿ 11.59. ಅಷ್ಟರೊಳಗೆ ಹಾರ್ತಿರೋ ಎಲ್ಲಾ ಡೊಮೆಸ್ಟಿಕ್ ಪ್ಯಾಸೆಂಜರ್ ಫ್ಲೈಟ್‌ಗಳೂ ಎಲ್ಲೋ ಒಂದ್ಕಡೆ ಇಳಿದುಬಿಡ್ಬೇಕು ಅಂತ ಆರ್ಡರ್ ಬಂತು, ಇಂಟರ್‌ನ್ಯಾಷನಲ್ ಅದಕ್ಕೆ ಎರಡು ದಿನ ಮುಂಚೇನೇ ಬಂದ್ ಆಗಿತ್ತು. ಆಮೇಲೆ ಎರಡು ತಿಂಗಳು ನ್ಯೂಸ್ ಚಾನೆಲ್‌ಗಳಲ್ಲಿ ಮಾತೆಲ್ಲ ಏರ್‌ಲೈನ್‌ಗಳ ಬಗ್ಗೇನೇ. ಯಾವ ಕಂಪನಿ ಸಂಬಳ ಕಟ್ ಮಾಡ್ತು, ಯಾರನ್ನ ಸಂಬಳ ಇಲ್ಲದ ರಜೆ ಮೇಲೆ ಕಳಿಸ್ತು, ಟಿಕೆಟ್ ರಿಫಂಡ್ ಬರುತ್ತೋ ಇಲ್ವೋ. ಆದ್ರೆ ಈ ಏರ್‌ಲೈನ್‌ಗಳ ಕೆಳಗೆ ರನ್‌ವೇ ಹಾಸಿಟ್ಟು, ಮೇಲೆ ಆಕಾಶದಲ್ಲಿ ದಾರಿ ತೋರಿಸೋ ಎಎಐ ಅನ್ನೋ ಒಂದು ಸಂಸ್ಥೆ ಇದೆಯಲ್ಲ, ಅದರ ಗತಿ ಏನಾಯ್ತು ಅಂತ ಯಾರೂ ಅಷ್ಟಾಗಿ ಕೇಳ್ಲಿಲ್ಲ. ಏರ್‌ಲೈನ್ ಕಂಪನಿ ಕೈಲಾಗ್ಲಿಲ್ಲ ಅಂದ್ರೆ ಪ್ಲೇನ್ ವಾಪಸ್ ಕೊಟ್ಟು ಬಾಗಿಲು ಹಾಕ್ಬಹುದು, ರನ್‌ವೇನ ಯಾರಿಗೆ ವಾಪಸ್ ಕೊಡೋದು?

ಮೊದಲು ಒಂದು ಗೊಂದಲ ಬಿಡಿಸ್ಬಿಡ್ತೀನಿ, ತುಂಬಾ ಜನ ಇದನ್ನ ಡಿಜಿಸಿಎ ಜೊತೆ ಕಲಸ್ತಾರೆ. ಡಿಜಿಸಿಎ ಅಂದ್ರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅದರ ಕೆಲಸ ರೂಲ್ಸ್ ಮಾಡೋದು, ಲೈಸೆನ್ಸ್ ಕೊಡೋದು, ತಪ್ಪು ಮಾಡಿದ್ರೆ ನೋಟಿಸ್ ಕಳಿಸೋದು. ಎಎಐ ಅಂದ್ರೆ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ, 1995ರ ಏಪ್ರಿಲ್ 1ಕ್ಕೆ ಎರಡು ಹಳೇ ಪ್ರಾಧಿಕಾರಗಳನ್ನ ಸೇರಿಸಿ ಮಾಡಿದ್ದು, ಇದು ಕೆಲಸ ಮಾಡಿ ದುಡ್ಡು ವಸೂಲಿ ಮಾಡೋ ಸಂಸ್ಥೆ. ಇದರ ಕೈಲಿ 130ಕ್ಕೂ ಹೆಚ್ಚು ಏರ್‌ಪೋರ್ಟ್ ಇವೆ, ಅದರ ಮೇಲೆ ಇಡೀ ದೇಶದ ಏರ್ ಟ್ರಾಫಿಕ್ ಕಂಟ್ರೋಲ್ ಬೇರೆ. ಸಮುದ್ರದ ಮೇಲಿಂದೂ ಸೇರಿ ಸುಮಾರು 28 ಲಕ್ಷ ಚದರ ನಾಟಿಕಲ್ ಮೈಲಿ ಆಕಾಶ. ನಮ್ಮ ದೇವನಹಳ್ಳಿ ಏರ್‌ಪೋರ್ಟ್ ಪ್ರೈವೇಟ್ ಅಂತೀವಿ, ಆದ್ರೆ ಅಲ್ಲಿನ ಟವರಲ್ಲಿ ಕೂತು ಪೈಲಟ್ ಜೊತೆ ಮಾತಾಡೋರು ಎಎಐ ಸ್ಟಾಫೇ.

ದುಡ್ಡು ಎಲ್ಲಿಂದ ಬರುತ್ತೆ ಅಂತ ಗೊತ್ತಿಲ್ದೆ ಹೋದ್ರೆ ಮುಂದಿನ ಕಥೆ ಅರ್ಥ ಆಗಲ್ಲ. ಪ್ಲೇನ್ ಇಳಿದ್ರೆ ಲ್ಯಾಂಡಿಂಗ್ ಚಾರ್ಜ್, ನಿಂತ್ರೆ ಪಾರ್ಕಿಂಗ್ ಚಾರ್ಜ್. ಮೇಲೆ ಹಾದು ಹೋದ್ರೂ ರೂಟ್ ನ್ಯಾವಿಗೇಷನ್ ಚಾರ್ಜ್, ಅದನ್ನ ಪ್ಲೇನಿನ ತೂಕ ಮತ್ತು ಹಾರಿದ ದೂರ ನೋಡಿ ಹಾಕ್ತಾರೆ, ಅಂದ್ರೆ ದುಬೈಯಿಂದ ಸಿಂಗಾಪುರಕ್ಕೆ ನಮ್ಮ ನೆತ್ತಿ ಮೇಲೆ ಹೋಗೋ ಪ್ಲೇನ್ ಇಲ್ಲಿ ಚಕ್ರ ಮುಟ್ಟಿಸ್ದೇ ಇದ್ರೂ ಬಿಲ್ ಕಟ್ತದೆ. ಪ್ಯಾಸೆಂಜರ್ ಟಿಕೆಟಲ್ಲಿ ಯುಡಿಎಫ್ ಅಂತ ಒಂದು ಸಾಲು ಇರುತ್ತಲ್ಲ, ಬಳಕೆದಾರರ ಅಭಿವೃದ್ಧಿ ಶುಲ್ಕ, ಅದು ಒಂದು. ಅಂಗಡಿ, ಜಾಹೀರಾತು, ಕಾರ್ ಪಾರ್ಕಿಂಗ್ ಬಾಡಿಗೆ ಒಂದು. ಮತ್ತೆ ಎಲ್ಲಕ್ಕಿಂತ ಸುಖದ ದುಡ್ಡು ಅಂದ್ರೆ ದೆಹಲಿ ಮುಂಬೈದು: ಅವೆರಡನ್ನೂ 2006ರಲ್ಲಿ ಪ್ರೈವೇಟಿಗೆ ಕೊಟ್ಟಾಗ ದೆಹಲಿಯವರು ತಮ್ಮ ಒಟ್ಟು ಆದಾಯದಲ್ಲಿ ಶೇ 45.99, ಮುಂಬೈಯವರು ಶೇ 38.7 ಎಎಐಗೆ ಕೊಡ್ಬೇಕು ಅಂತ ಒಪ್ಪಂದ. ಲಾಭದಲ್ಲಲ್ಲ, ಒಟ್ಟು ಆದಾಯದಲ್ಲಿ. ಎಎಐ ಅಲ್ಲಿ ಒಂದು ಬಲ್ಬ್ ಕೂಡ ಬದಲಾಯಿಸ್ಬೇಕಾಗಿಲ್ಲ, ತಿಂಗಳು ತಿಂಗಳು ದುಡ್ಡು ಬಂದು ಬೀಳ್ತಿತ್ತು.

ಇನ್ನು ಖರ್ಚಿನ ಕಡೆ ನೋಡಿದ್ರೆ, ಕೈಯಲ್ಲಿರೋ ಏರ್‌ಪೋರ್ಟ್‌ಗಳಲ್ಲಿ ಲಾಭ ಮಾಡೋವು ಬೆರಳಲ್ಲಿ ಎಣಿಸ್ಬಹುದು. ಮಿಕ್ಕಿದ್ದೆಲ್ಲ ದುಡಿಯೋ ಅಣ್ಣನ ಸಂಬಳದಲ್ಲಿ ಓದ್ತಿರೋ ತಮ್ಮಂದಿರ ಥರ. ದೆಹಲಿ, ಮುಂಬೈ, ಚೆನ್ನೈ, ಕೋಲ್ಕತ್ತಾ ದುಡ್ಡಲ್ಲಿ ಬೆಳಗಾವಿ, ಹುಬ್ಬಳ್ಳಿ, ಮೈಸೂರಿನ ದೀಪ ಉರೀತಿತ್ತು. ನಾನು ಇದನ್ನ ತಪ್ಪು ಅನ್ನೋನಲ್ಲ, ಸರ್ಕಾರಿ ಬಸ್ಸೂ ಹಂಗೇ ನಡೆಯೋದು.

ಮಾವಿನಕಾಯಿ ಸೀಸನ್‌ನಲ್ಲಿ ಒಂದು ಫೋನ್ ಕಾಲ್

ನಮ್ಮ ಭಾವ ಒಂದು ಸಣ್ಣ ಏರ್‌ಪೋರ್ಟಲ್ಲಿ ಫೈರ್ ಸರ್ವಿಸಲ್ಲಿದಾರೆ, ಊರು ಹೇಳಲ್ಲ. ಲಾಕ್‌ಡೌನ್ ಸ್ವಲ್ಪ ಸಡಿಲ ಆದ್ಮೇಲೆ ಜೂನಲ್ಲಿ ಫೋನ್ ಮಾಡಿದ್ದೆ, ಅಕ್ಕ ಉಪ್ಪಿನಕಾಯಿ ಹಾಕ್ತಿದ್ಳು, ಫೋನ್ ಇವರ ಕೈಗೆ ಕೊಟ್ಳು. "ಏನ್ ಭಾವ, ಪ್ಲೇನೇ ಇಲ್ವಲ್ಲ, ಆರಾಮಾ?" ಅಂದೆ. "ಯಾರಪ್ಪ ಹೇಳಿದ್ದು ಆರಾಮ ಅಂತ, ಬೆಳಿಗ್ಗೆ ಐದೂವರೆಗೆ ಬಂದು ಗಾಡಿ ಸ್ಟಾರ್ಟ್ ಮಾಡಿ ನೀರ್ ಹೊಡ್ದು ನೋಡಿದೀನಿ" ಅಂದ್ರು. ಇವತ್ತು ಎಷ್ಟು ಫ್ಲೈಟು ಅಂದ್ರೆ ಒಂದು. ಎಟಿಆರ್ ಅನ್ನೋ ಸಣ್ಣ ಪ್ಲೇನ್ ಒಂದೇ ಒಂದು, ಅದರಲ್ಲಿ ಜನ ಹತ್ತೊಂಬತ್ತು.

ಆ ಹತ್ತೊಂಬತ್ತು ಜನಕ್ಕೋಸ್ಕರ ಏನೇನು ನಡೀಬೇಕು ನೋಡಿ. ಪ್ಲೇನ್ ಬರೋಕೆ ಮುಂಚೆ ಜೀಪಲ್ಲಿ ಇಡೀ ರನ್‌ವೇ ಒಂದು ರೌಂಡ್ ಹೋಗಿ ಕಲ್ಲು, ಬೋಲ್ಟು, ಸತ್ತ ಹಕ್ಕಿ ಏನಾದ್ರೂ ಬಿದ್ದಿದ್ಯಾ ನೋಡ್ಬೇಕು. ಸದ್ದಿಲ್ದೆ ಇದ್ದಿದ್ದಕ್ಕೆ ನವಿಲು, ನಾಯಿ ಎಲ್ಲ ಬಂದು ಸೇರ್ಕೊಂಡಿರ್ತವೆ, ಅವನ್ನ ಓಡಿಸ್ಬೇಕು, ಭಾವ ಹೇಳೋ ಪ್ರಕಾರ ನವಿಲಿಗೆ ಪಟಾಕಿ ಹೊಡೆದ್ರೂ ಅದು ನಾಲ್ಕು ದಿನಕ್ಕೆ ಅಭ್ಯಾಸ ಮಾಡ್ಕೊಂಡ್ಬಿಡುತ್ತಂತೆ. ಟವರಲ್ಲಿ ಕಂಟ್ರೋಲರ್ ಇರ್ಬೇಕು, ಗೇಟಲ್ಲಿ ಸೆಕ್ಯೂರಿಟಿ ಇರ್ಬೇಕು, ದೀಪ, ಸಿಗ್ನಲ್ ಉಪಕರಣ ನೋಡೋ ಇಂಜಿನಿಯರ್ ಇರ್ಬೇಕು. ಫೈರ್ ಗಾಡಿ ಕರೆ ಬಂದ ಮೂರು ನಿಮಿಷದೊಳಗೆ ರನ್‌ವೇ ಯಾವ ತುದಿಗಾದ್ರೂ ಮುಟ್ಟಿ ನೊರೆ ಹೊಡೀಬೇಕು, ಎರಡೇ ನಿಮಿಷದಲ್ಲಿ ಮುಟ್ಟಿದ್ರೆ ಒಳ್ಳೇದು ಅಂತ ಅಂತಾರಾಷ್ಟ್ರೀಯ ನಿಯಮ. ಎಷ್ಟು ಗಾಡಿ, ಎಷ್ಟು ನೀರು ಅನ್ನೋದು ಬರೋ ಪ್ಲೇನಿನ ಉದ್ದ ಅಗಲ ನೋಡಿ ತೀರ್ಮಾನ ಆಗುತ್ತೆ, ಒಳಗೆ ಕೂತಿರೋ ತಲೆ ಲೆಕ್ಕದ ಮೇಲಲ್ಲ. ದೊಡ್ಡ ಪ್ಲೇನ್ ತುಂಬಾ ಅಪರೂಪಕ್ಕೆ ಬರೋ ಜಾಗದಲ್ಲಿ ಒಂದು ಮೆಟ್ಟಿಲು ಕೆಳಗಿನ ವ್ಯವಸ್ಥೆ ಇಟ್ಕೋಬಹುದು ಅಂತ ಒಂದು ವಿನಾಯಿತಿ ಇದೆ, ಆದ್ರೆ ಒಂದೇ ಮೆಟ್ಟಿಲು.

ಹಾಗಿದ್ರೆ ಉಳಿಸೋಕೆ ಏನಿದೆ? ಏರ್‌ಪೋರ್ಟ್ ತೆರೆದಿರೋ ಗಂಟೆ, ಇವರ ಭಾಷೆಯಲ್ಲಿ ವಾಚ್ ಅವರ್ಸ್, ಅದನ್ನ ಕಡಿಮೆ ಮಾಡ್ಬಹುದು. ಟರ್ಮಿನಲ್‌ನಲ್ಲಿ ಅರ್ಧ ಭಾಗ ಮುಚ್ಚಿ ಎಸಿ, ಎಸ್ಕಲೇಟರ್ ಆಫ್ ಮಾಡ್ಬಹುದು. ಕ್ಲೀನಿಂಗ್, ಟ್ರಾಲಿ ತಳ್ಳೋ ಕಾಂಟ್ರಾಕ್ಟ್ ಕೆಲಸದವರನ್ನ ಕಡಿಮೆ ಮಾಡ್ಬಹುದು, ಎಲ್ಲಾ ಕಡೆ ಮೊದಲು ಏಟು ಬೀಳೋದು ಅವರಿಗೇ, ಅದು ಬೇರೆ ಸಂಕಟ. ಅಷ್ಟೇ. ಟ್ರಾಫಿಕ್ ಮೂರರಲ್ಲಿ ಎರಡು ಭಾಗ ಹೋದ್ರೂ ಖರ್ಚು ಅಷ್ಟು ಇಳಿಯಲ್ಲ. "ಪ್ಲೇನಿಗೆ ಟೈಮ್ ಟೇಬಲ್ ಇರುತ್ತೆ, ಬೆಂಕಿಗೆ ಇರುತ್ತಾ" ಅಂತ ಭಾವ ಫೋನ್ ಅಕ್ಕನಿಗೆ ವಾಪಸ್ ಕೊಟ್ರು.

ಬಿದ್ದಿದ್ದು ಎಷ್ಟು

2019-20ರಲ್ಲಿ ದೇಶದ ಎಲ್ಲಾ ಏರ್‌ಪೋರ್ಟ್ ಸೇರಿ ಹತ್ತಿ ಇಳಿದ ಪ್ರಯಾಣಿಕರು ಸುಮಾರು 34 ಕೋಟಿ, 2020-21ರಲ್ಲಿ ಅದು 11.5 ಕೋಟಿ. 2020ರ ಮೇ 25ಕ್ಕೆ ಡೊಮೆಸ್ಟಿಕ್ ಮತ್ತೆ ಶುರುವಾದಾಗ ಏರ್‌ಲೈನ್‌ಗಳಿಗೆ ಮಾಮೂಲಿ ಶೆಡ್ಯೂಲ್‌ನ ಮೂರನೇ ಒಂದು ಭಾಗ ಮಾತ್ರ ಹಾರಿಸೋಕೆ ಬಿಟ್ಟಿದ್ದು, ಜೂನ್ ಕೊನೆಗೆ ಶೇ 45, ಸೆಪ್ಟೆಂಬರಲ್ಲಿ 60, ಡಿಸೆಂಬರಲ್ಲಿ 80 ಅಂತ ಮೆಲ್ಲಗೆ ಹತ್ತಿಸಿ, 2021ರಲ್ಲಿ ಎರಡನೇ ಅಲೆ ಬಂದಾಗ ಜೂನಲ್ಲಿ ಮತ್ತೆ 50ಕ್ಕೆ ಇಳಿಸಿ, ಆ ಅಕ್ಟೋಬರ್ 18ಕ್ಕೆ ಪೂರ್ತಿ ಬಿಟ್ರು. ಮಾಮೂಲಿ ಇಂಟರ್‌ನ್ಯಾಷನಲ್ ಫ್ಲೈಟ್‌ಗಳು ಬಂದಿದ್ದು 2022ರ ಮಾರ್ಚ್ 27ಕ್ಕೆ, ಅಂದ್ರೆ ಎರಡು ವರ್ಷದ ಮೇಲೆ. ಅಲ್ಲಿ ತನಕ ವಿದೇಶದಲ್ಲಿ ಸಿಕ್ಕಾಕ್ಕೊಂಡೋರನ್ನ ಕರ್ಕೊಂಡು ಬರೋ ವಂದೇ ಭಾರತ್ ಫ್ಲೈಟ್, ಒಂದೊಂದು ದೇಶದ ಜೊತೆ ಬೇರೆ ಬೇರೆ ಒಪ್ಪಂದ ಮಾಡ್ಕೊಂಡು ಹಾರೋ ಏರ್ ಬಬಲ್ ಫ್ಲೈಟ್, ಕಾರ್ಗೋ, ಇಷ್ಟೇ. ಶುರುವಾದ ದಿನಗಳಲ್ಲಿ ನಮ್ಮ ರಾಜ್ಯದ ರೂಲ್ಸ್ ನೆನಪಿರ್ಬೇಕು ನಿಮಗೆ, ಮಹಾರಾಷ್ಟ್ರ, ದೆಹಲಿ, ತಮಿಳುನಾಡು ಸೇರಿ ಆರು ರಾಜ್ಯದಿಂದ ಬಂದ್ರೆ ಏಳು ದಿನ ಸರ್ಕಾರಿ ಕ್ವಾರಂಟೈನ್. ಹಾರೋಕೆ ಪರ್ಮಿಷನ್ ಇದ್ರೂ ಇಳಿದ್ಮೇಲೆ ಏಳು ದಿನ ಹಾಸ್ಟೆಲ್ ರೂಮಲ್ಲಿ ಕೂಡಾಕ್ತಾರೆ ಅಂದ್ರೆ ಯಾರು ಟಿಕೆಟ್ ಮಾಡ್ತಾರೆ. ಹಂಗಾಗಿ ಟ್ರಾಫಿಕ್ ಬಿದ್ದಿದ್ದು ಬರೀ ಕೇಂದ್ರದ ಆರ್ಡರಿಂದ ಅಲ್ಲ, ರಾಜ್ಯ ರಾಜ್ಯದ ರೂಲ್ಸೂ ಸೇರಿ, ಅದರ ಮೇಲೆ ಎಎಐಗೆ ಯಾವ ಹಿಡಿತಾನೂ ಇರ್ಲಿಲ್ಲ.

ಮೊದಲ ಮೂರು ತಿಂಗಳಲ್ಲಿ ಆದಾಯ ಬಹುಪಾಲು ನಿಂತೇ ಹೋಯ್ತು. ವರ್ಷಕ್ಕೆ ಸುಮಾರು ಎರಡು ಸಾವಿರ ಕೋಟಿ ಲಾಭ ಮಾಡಿ ಸರ್ಕಾರಕ್ಕೆ ಡಿವಿಡೆಂಡ್ ಕೊಡ್ತಿದ್ದ ಸಂಸ್ಥೆ 2020-21ರಲ್ಲಿ ಸುಮಾರು ಅಷ್ಟೇ ನಷ್ಟ ತೋರಿಸ್ತು. ಬರೋ ದುಡ್ಡಲ್ಲೇ ಖರ್ಚು, ಕಟ್ಟಡ ಎಲ್ಲ ನಿಭಾಯಿಸಿ ಅಭ್ಯಾಸ ಆಗಿದ್ದ ಮನೆಗೆ ಇದು ಮೊದಲನೇ ಸಲ.

ಗಾಯದ ಮೇಲೆ ಬರೆ ಅನ್ನೋ ಹಾಗೆ ದೆಹಲಿ, ಮುಂಬೈಯವರು ಫೋರ್ಸ್ ಮೆಜೂರ್ ಅಂತ ಕಾಗದ ಹಾಕಿದ್ರು. ಅಂದ್ರೆ ಇದು ನಮ್ಮ ಕೈ ಮೀರಿದ್ದು, ಒಪ್ಪಂದದ ಪ್ರಕಾರ ಕೊಡ್ಬೇಕಾದ ಪಾಲು ಈಗ ಕೊಡೋಕಾಗಲ್ಲ ಅಂತ. ಯೋಚನೆ ಮಾಡಿ, ತಾನೇ ನಡೆಸೋ ಏರ್‌ಪೋರ್ಟ್ ಖಾಲಿ ಬಿದ್ದಿರೋವಾಗ ಆ ಎರಡು ಊರಿನ ಪಾಲೇ ಆಸರೆ ಆಗ್ಬೇಕಿತ್ತು, ಅದೂ ನಿಂತ್ಹೋಯ್ತು. ಎಎಐ ಹೇಳಿದ್ದು, ಆದಾಯ ಕಡಿಮೆ ಆದ್ರೆ ಪಾಲೂ ತಾನಾಗೇ ಕಡಿಮೆ ಆಗುತ್ತೆ, ಬಂದಿದ್ದರಲ್ಲಿ ಕೊಡಿ ಅಂತ. ಕಾಗದದ ಮೇಲೆ ಅದು ನ್ಯಾಯದ ಮಾತೇ, ಶೇಕಡಾ ಲೆಕ್ಕದ ಅರ್ಥವೇ ಅದು. ಆದ್ರೆ ಬಂದ ನೂರು ರೂಪಾಯಿ ಏರ್‌ಪೋರ್ಟ್ ನಡೆಸೋಕೇ ಸಾಲ್ದೆ ಇರೋವಾಗ ಅದರಲ್ಲಿ 46 ರೂಪಾಯಿ ಎತ್ತಿ ಕೊಡಿ ಅಂದ್ರೆ ಅವರ ಕಷ್ಟಾನೂ ಸುಳ್ಳಲ್ಲ. ಭಾವನ ಫೈರ್ ಗಾಡಿ ಲೆಕ್ಕ ಅಲ್ಲಿಗೂ ಅನ್ವಯ ಆಗುತ್ತೆ.

ಸಾಲ, ಮತ್ತೆ ನಿಲ್ಲಿಸದ ಕಟ್ಟಡ

ಎಎಐ ಮೊದಲು ಮಾಡಿದ್ದು ಸಂಸಾರಸ್ಥರು ಮಾಡೋದೇ: ಸಾಲ. ಎಸ್‌ಬಿಐಯಿಂದ ಸುಮಾರು 1,500 ಕೋಟಿ, ಸಂಬಳ ಮತ್ತು ದಿನದ ಖರ್ಚಿಗೆ. ಇದರ ಜೊತೆಗೆ ನನಗೆ ಆಶ್ಚರ್ಯ ಆಗಿದ್ದು ಇನ್ನೊಂದು, ನಾಲ್ಕೈದು ವರ್ಷದಲ್ಲಿ 25,000 ಕೋಟಿ ಖರ್ಚು ಮಾಡಿ ಟರ್ಮಿನಲ್, ರನ್‌ವೇ ಕಟ್ತೀವಿ ಅನ್ನೋ ಪ್ಲಾನ್ ಇತ್ತಲ್ಲ, ಅದನ್ನ ಕೈಬಿಡ್ಲಿಲ್ಲ. ದುಡ್ಡಿಲ್ಲ ಅಂತ ಸಾಲ ಮಾಡ್ತಿರೋ ಸಂಸ್ಥೆ ಕಟ್ಟಡ ಕಟ್ಟೋದು ನೋಡಿದ್ರೆ ಹುಚ್ಚು ಅನ್ಸುತ್ತೆ. ಆದ್ರೆ ಏರ್‌ಪೋರ್ಟ್ ಕೆಲಸ ಟೆಂಡರಿಂದ ಉದ್ಘಾಟನೆ ತನಕ ವರ್ಷಗಟ್ಟಲೆ ತಗೊಳ್ಳೋದು, ಜನ ವಾಪಸ್ ಬಂದ ದಿನ ಶುರು ಮಾಡಿದ್ರೆ ಅವರು ಬಂದು ನೂಕುನುಗ್ಗಲಲ್ಲಿ ನಿಂತು ಬೈತಿರ್ತಾರೆ. ಪ್ರಯಾಣಿಕರ ಸಂಖ್ಯೆ 2022-23ಕ್ಕೇ 32 ಕೋಟಿ ಮೀರಿ, 2023-24ಕ್ಕೆ 37 ಕೋಟಿ ದಾಟಿದ್ದನ್ನ ನೋಡಿದ್ರೆ ಆ ನಿರ್ಧಾರ ಸರಿ ಅಂತಲೇ ನಾನು ಹೇಳೋದು. ಟ್ರಾಫಿಕ್ ಬಿದ್ದಾಗ ಕಟ್ಟೋದೇ ಸಲೀಸು, ರನ್‌ವೇ ರಿಪೇರಿಗೆ ರಾತ್ರಿ ನಾಲ್ಕು ಗಂಟೆ ಬಿಡುವು ಕಾಯ್ಬೇಕಾಗಿಲ್ಲ.

ಆಕಾಶದ ಕಡೆನೂ ಒಂದು ಕೆಲಸ ಆಯ್ತು. 2020ರ ಮೇ 16ಕ್ಕೆ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಆತ್ಮನಿರ್ಭರ ಪ್ಯಾಕೇಜ್ ಓದ್ತಾ, ದೇಶದ ಆಕಾಶದಲ್ಲಿ ಶೇ 60 ಮಾತ್ರ ನಾಗರಿಕ ವಿಮಾನಗಳಿಗೆ ಸಲೀಸಾಗಿ ಸಿಗ್ತಿದೆ, ಮಿಲಿಟರಿಗೆ ಮೀಸಲಿರೋ ಜಾಗದ ನಿರ್ಬಂಧ ಸಡಿಲ ಮಾಡಿ ನೇರ ದಾರಿ ಕೊಟ್ರೆ ವರ್ಷಕ್ಕೆ ಸುಮಾರು 1,000 ಕೋಟಿ ಉಳಿತಾಯ ಅಂದ್ರು. ಏರ್‌ಲೈನಿಗೆ ಇಂಧನ, ಸಮಯ ಎರಡೂ ಉಳಿಯುತ್ತೆ. ಬೆಂಗಳೂರಿನ ಹೊರ ವರ್ತುಲ ರಸ್ತೆ ಕೆಲಸ ಲಾಕ್‌ಡೌನಲ್ಲಿ ಮಾಡಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅಂತ ನಾವು ಅಂದ್ಕೋತೀವಲ್ಲ, ಅದೇ ಥರ, ಖಾಲಿ ಇರೋವಾಗ ದಾರಿ ನೇರ ಮಾಡ್ಕೊಳ್ಳೋ ಯೋಚನೆ. ತಮಾಷೆ ಅಂದ್ರೆ ದೂರ ಕಡಿಮೆ ಆದ್ರೆ ದೂರದ ಮೇಲೆ ಹಾಕೋ ನ್ಯಾವಿಗೇಷನ್ ಚಾರ್ಜೂ ಕಡಿಮೆ ಆಗ್ಬೇಕು, ತನ್ನ ಜೇಬಿಗೆ ತಾನೇ ಕತ್ತರಿ. ಆದ್ರೂ ಏರ್‌ಲೈನ್ ಉಳಿದ್ರೆ ತಾನೇ ಬಿಲ್ ಕಟ್ಟೋದು.

ಅದೇ ಭಾಷಣದಲ್ಲಿ ಇನ್ನೊಂದು ಮಾತಿತ್ತು, ನನ್ನ ಲೆಕ್ಕದಲ್ಲಿ ಈ ಪ್ರಕರಣದ ಮುಖ್ಯ ಭಾಗ ಅದೇ. ಮೊದಲ ಸುತ್ತಲ್ಲಿ ಹರಾಜಾದ ಆರು ಏರ್‌ಪೋರ್ಟ್‌ಗಳಿಂದ ಎಎಐಗೆ ಆಗ ಬರ್ತಿದ್ದ ಲಾಭ ವರ್ಷಕ್ಕೆ 540 ಕೋಟಿ, ಪ್ರೈವೇಟಿಗೆ ಕೊಟ್ಮೇಲೆ ಬರೋದು 1,000 ಕೋಟಿ, ಜೊತೆಗೆ 2,300 ಕೋಟಿ ಮುಂಗಡ.

ಬಜಪೆ ಕೈ ಬದಲಾದ ರಾತ್ರಿ

ಈ ಆರರಲ್ಲಿ ನಮ್ಮ ಮಂಗಳೂರು, ಅಂದ್ರೆ ಬಜಪೆಯಲ್ಲಿರೋ ಏರ್‌ಪೋರ್ಟ್, ಒಂದು. ಹರಾಜು ಆಗಿದ್ದು ಕೊರೊನಾ ಹೆಸರೇ ಗೊತ್ತಿಲ್ಲದ 2019ರ ಫೆಬ್ರವರಿಯಲ್ಲಿ, ಆರೂ ಅದಾನಿ ಪಾಲಾಯ್ತು, 50 ವರ್ಷಕ್ಕೆ. ಹಾಗಾಗಿ ಟ್ರಾಫಿಕ್ ಬಿತ್ತು ಅಂತ ಮಾರಿದ್ರು ಅನ್ನೋದು ಸರಿಯಲ್ಲ. ಆದ್ರೆ ಬಿದ್ದ ಹೊತ್ತಲ್ಲಿ ಅದು ಎಷ್ಟು ಬೇಕಾಯ್ತು ಅಂತ ನೋಡಿದ್ರೆ ಗೊತ್ತಾಗುತ್ತೆ. ಅದಾನಿ ಕಡೆಯವರು ಮಹಾಮಾರಿ ಕಾರಣ ಕೊಟ್ಟು ಏರ್‌ಪೋರ್ಟ್ ತಗೊಳ್ಳೋಕೆ 2021ರ ಫೆಬ್ರವರಿ ತನಕ ಟೈಮ್ ಕೇಳಿದ್ರು, ಎಎಐ ನವೆಂಬರ್ 12ರ ತನಕ ಮಾತ್ರ ಕೊಡ್ತು. ಅಕ್ಟೋಬರ್ 31ಕ್ಕೆ ಮಂಗಳೂರು, ನವೆಂಬರ್ 2ಕ್ಕೆ ಲಖನೌ, 7ಕ್ಕೆ ಅಹಮದಾಬಾದ್. ಜೈಪುರ, ಗುವಾಹಟಿ, ತಿರುವನಂತಪುರ ಹೋಗಿದ್ದು ಮುಂದಿನ ವರ್ಷ ಅಕ್ಟೋಬರಲ್ಲಿ. ತಿರುವನಂತಪುರಕ್ಕೆ ಕೇರಳ ಸರ್ಕಾರದ ಸಂಸ್ಥೆನೇ ಬಿಡ್ ಹಾಕಿತ್ತು, ಪ್ರತಿ ಪ್ರಯಾಣಿಕನ ಲೆಕ್ಕದಲ್ಲಿ ಎಎಐಗೆ 135 ರೂಪಾಯಿ ಕೊಡ್ತೀವಿ ಅಂತ, ಅದಾನಿದು 168, ಅವರು ಕೋರ್ಟಿಗೂ ಹೋದ್ರು, ಕೇರಳ ಹೈಕೋರ್ಟ್ 2020ರ ಅಕ್ಟೋಬರಲ್ಲಿ ಅರ್ಜಿ ವಜಾ ಮಾಡ್ತು.

ಮಂಗಳೂರಿನ ದರ 115 ರೂಪಾಯಿ, ಆರರಲ್ಲಿ ಎಲ್ಲಕ್ಕಿಂತ ಕಡಿಮೆ. ಅಹಮದಾಬಾದಿಗೆ 177. ಈ ತಲೆ ಲೆಕ್ಕದ ಪದ್ಧತಿ ಗಮನಿಸಿ, ದೆಹಲಿ ಥರ ಆದಾಯದಲ್ಲಿ ಪಾಲಲ್ಲ. ಪಾಲಲ್ಲಿ ಏನಾಗ್ತಿತ್ತು ಅಂದ್ರೆ ಯಾವುದು ಆದಾಯ, ಯಾವುದು ಅಲ್ಲ ಅಂತ ವರ್ಷಾನುಗಟ್ಟಲೆ ಜಗಳ. ತಲೆ ಲೆಕ್ಕಕ್ಕೆ ಅಷ್ಟು ಜಗಳ ಇಲ್ಲ, ಎಷ್ಟು ಜನ ಹತ್ತಿ ಇಳಿದ್ರು ಅನ್ನೋದು ಎಲ್ಲರಿಗೂ ಕಾಣುತ್ತೆ, ಬೆಲೆ ಏರಿಕೆ ಸೂಚ್ಯಂಕ ನೋಡಿ ದರ ಏರುತ್ತೆ. ಆದ್ರೆ ಜನ ಬರ್ದೇ ಇದ್ರೆ? ಬಾಡಿಗೆನೂ ಇಲ್ಲ. ಅಂದ್ರೆ ಟ್ರಾಫಿಕ್ ಬೀಳೋ ರಿಸ್ಕಿಂದ ಎಎಐ ಪೂರ್ತಿ ತಪ್ಪಿಸ್ಕೊಳ್ಳಲಿಲ್ಲ, ಅದರಿಂದ ಆಗೋ ನಷ್ಟ ಹೊರೋದನ್ನ ಮಾತ್ರ ಇನ್ನೊಬ್ಬರಿಗೆ ದಾಟಿಸ್ತು. ಖಾಲಿ ಟರ್ಮಿನಲ್‌ನ ಕರೆಂಟ್ ಬಿಲ್ಲು, ಫೈರ್ ಗಾಡಿ ಡೀಸೆಲ್ಲು ಈಗ ಅದಾನಿದು, ಟವರ್ ಮಾತ್ರ ಎಎಐದು.

ಅಕ್ಟೋಬರ್ 30ರ ಮಧ್ಯರಾತ್ರಿ ಕಳೀತಿದ್ದ ಹಾಗೆ ಕೀಲಿಕೈ ಕೊಡೋ ಶಾಸ್ತ್ರ ಆಯ್ತು. ಮಂಗಳೂರಲ್ಲಿ ಬೇಜಾರು ಮಾಡ್ಕೊಂಡೋರು ತುಂಬಾ ಜನ ಇದ್ರು, ಬಜಪೆ ಅಂದ್ರೆ ಗಲ್ಫಲ್ಲಿ ದುಡಿಯೋರ ಮನೆ ಬಾಗಿಲು. ಆ ವರ್ಷ ಮೇ 12ಕ್ಕೆ ಮಂಗಳೂರಿನ ಮೊದಲ ವಂದೇ ಭಾರತ್ ಫ್ಲೈಟ್ ದುಬೈಯಿಂದ ಬಂದು ಇಳಿದಿದ್ದೂ ಇಲ್ಲೇ, ಸರ್ಕಾರಿ ಸಿಬ್ಬಂದಿ ಪಿಪಿಇ ಹಾಕ್ಕೊಂಡು ನಿಂತಿದ್ರು, ಗರ್ಭಿಣಿಯರು, ಕೆಲಸ ಹೋದೋರು, ವೀಸಾ ಮುಗಿದೋರು ಬಂದಿಳಿದ್ರು.

ನನ್ನ ತಕರಾರು ಬೇರೆ. ಹರಾಜಿಗೆ ಹೋಗಿದ್ದೆಲ್ಲ ಕರೆಯೋ ಹಸುಗಳು. ಲಾಭದ ಏರ್‌ಪೋರ್ಟ್ ಹೋಯ್ತು ಅಂದ್ರೆ ಮಿಕ್ಕ ನೂರು ಚಿಲ್ಲರೆ ಏರ್‌ಪೋರ್ಟಿನ ಹೊಟ್ಟೆ ತುಂಬಿಸೋದು ಆ ಬಾಡಿಗೆ ದುಡ್ಡಲ್ಲೇ, ಬಾಡಿಗೆನೋ ಜನ ಬಂದ್ರೆ ಮಾತ್ರ. ಇದು ಅವರಿಗೂ ಗೊತ್ತಾಯ್ತು ಅನ್ಸುತ್ತೆ, ಯಾಕಂದ್ರೆ ಮುಂದಿನ ಸುತ್ತಿಗೆ ಜೋಡಿ ಮಾಡಿ ಕೊಡೋ ಯೋಚನೆ ಬಂತು: ವಾರಣಾಸಿ ಬೇಕಾ, ಜೊತೆಗೆ ಕುಶಿನಗರ ಮತ್ತು ಗಯಾನೂ ತಗೊಳ್ಳಿ, ಅಮೃತಸರ ಬೇಕಾ, ಕಾಂಗ್ರಾನೂ ನೋಡ್ಕೊಳ್ಳಿ. ಸಂತೆಯಲ್ಲಿ ಟೊಮೇಟೊ ಮಾರೋಳು ಗಟ್ಟಿ ಹಣ್ಣಿನ ಜೊತೆ ಎರಡು ಮೆತ್ತಗಿರೋದು ಹಾಕ್ತಾಳಲ್ಲ ಹಂಗೆ. ಇದಕ್ಕೆ ದಾರಿ ಮಾಡೋಕೆ 2021ರಲ್ಲಿ ದರ ನಿಗದಿ ಮಾಡೋ ಪ್ರಾಧಿಕಾರ ಎಇಆರ್‌ಎ ಕಾಯ್ದೆಗೂ ತಿದ್ದುಪಡಿ ತಂದ್ರು, ಏರ್‌ಪೋರ್ಟ್‌ಗಳ ಗುಂಪಿಗೆ ಒಟ್ಟಾಗಿ ದರ ಹಾಕ್ಬಹುದು ಅಂತ. ಅದೇ ವರ್ಷ ಆಗಸ್ಟಲ್ಲಿ ಬಂದ, ಸರ್ಕಾರಿ ಆಸ್ತಿನ ಪ್ರೈವೇಟಿಗೆ ಕೊಟ್ಟು ದುಡ್ಡು ತರೋ ರಾಷ್ಟ್ರೀಯ ನಗದೀಕರಣ ಪಟ್ಟಿಯಲ್ಲಿ ಎಎಐದು 25 ಏರ್‌ಪೋರ್ಟ್ ಇತ್ತು, ಅದರಲ್ಲಿ ಹುಬ್ಬಳ್ಳಿ ಹೆಸರೂ ಇತ್ತು.

ಸಣ್ಣ ಊರುಗಳ ಮಾತು ಬಂತಲ್ಲ, ಸಬ್ಸಿಡಿ ಕೊಟ್ಟು ಸಣ್ಣ ಊರಿಗೆ ಫ್ಲೈಟ್ ಹಾರಿಸೋ ಉಡಾನ್ ಸ್ಕೀಮ್ ಟೈಮಿಂಗ್ ನೋಡಿ ಅಯ್ಯೋ ಅನ್ಸುತ್ತೆ. ಕಲಬುರಗಿ ಏರ್‌ಪೋರ್ಟ್ ಉದ್ಘಾಟನೆ 2019ರ ನವೆಂಬರ್ 22, ಬೀದರ್‌ದು 2020ರ ಫೆಬ್ರವರಿ 7. ಬೀದರಿಗೆ ವಿಮಾನ ಬಂದು ಏಳು ವಾರಕ್ಕೆ ದೇಶವೇ ಬಂದ್. ಉಡಾನ್ ಸೀಟಿನ ಸಬ್ಸಿಡಿಗೆ ದುಡ್ಡು ಬರೋದು ಮೇನ್ ರೂಟಲ್ಲಿ ಹಾರೋ ಫ್ಲೈಟ್‌ಗಳ ಮೇಲೆ ಹಾಕೋ ಲೆವಿಯಿಂದ, ಸ್ಕೀಮ್ ನಡೆಸೋ ಜವಾಬ್ದಾರಿ ಎಎಐದು. ಬೆಂಗಳೂರು-ದೆಹಲಿ ಹಾರ್ಲಿಲ್ಲ ಅಂದ್ರೆ ಬೀದರ್-ಬೆಂಗಳೂರು ಸಬ್ಸಿಡಿ ಡಬ್ಬಿನೂ ಖಾಲಿ. ಬೀದರ್ ರೂಟ್ ಶುರು ಮಾಡಿದ್ದ ಟ್ರೂಜೆಟ್ 2022ರ ಫೆಬ್ರವರಿಯಲ್ಲಿ ಹಾರಾಟವನ್ನೇ ನಿಲ್ಲಿಸ್ತು.

ಟವರ್ ಒಳಗೆ

ಟ್ರಾಫಿಕ್ ಕಡಿಮೆ ಇದ್ರೆ ಕಂಟ್ರೋಲರ್‌ಗೆ ಕೆಲಸ ಸುಲಭ ಅಂತ ಹೊರಗಿನೋರು ಅಂದ್ಕೋತಾರೆ. ಅದು ಅರ್ಧ ಸತ್ಯ. ರೇಡಾರ್ ಮುಂದೆ ಕೂರೋ ಕೆಲಸ ಕ್ರಿಕೆಟ್ ಪ್ರಾಕ್ಟೀಸ್ ಇದ್ದ ಹಾಗೆ, ಕೈ ಬಿಟ್ರೆ ಲಯ ಹೋಗುತ್ತೆ, ಅದಕ್ಕೇ ಇಂತಿಷ್ಟು ಗಂಟೆ ಡ್ಯೂಟಿ ಮಾಡಿದ್ರೆ ಮಾತ್ರ ರೇಟಿಂಗ್, ಅಂದ್ರೆ ಆ ಕೆಲಸ ಮಾಡೋ ಅರ್ಹತೆ, ಉಳಿಯೋದು. ಸೋಂಕು ಬಂದ್ರೆ ಇಡೀ ಶಿಫ್ಟ್ ಮಲಗ್ಬಿಡುತ್ತೆ ಅನ್ನೋ ಭಯ ಬೇರೆ, ಬೇರೆ ಡಿಪಾರ್ಟ್‌ಮೆಂಟಿಂದ ಒಬ್ಬರನ್ನ ಎಳ್ಕೊಂಡು ಬಂದು ಆ ಕುರ್ಚಿಯಲ್ಲಿ ಕೂರಿಸೋಕಾಗಲ್ಲ. ಟ್ರೇನಿಂಗ್ ಆಗೋದು ಪ್ರಯಾಗರಾಜ್, ಹೈದರಾಬಾದ್ ಥರದ ಕಡೆ, ಆಮೇಲೂ ಒಂದೊಂದು ಜಾಗಕ್ಕೆ ಬೇರೆ ಬೇರೆ ರೇಟಿಂಗ್.

2022ರ ಜನವರಿ 7ರ ಬೆಳಿಗ್ಗೆ ಬೆಂಗಳೂರಲ್ಲಿ ಏನಾಯ್ತು ಅನ್ನೋದು ಇಲ್ಲಿ ಹೇಳ್ಲೇಬೇಕು. ಅದಕ್ಕೂ ಟ್ರಾಫಿಕ್ ಕುಸಿತಕ್ಕೂ ನೇರ ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ, ಆದ್ರೆ ವ್ಯವಸ್ಥೆ ಹಿಗ್ಗಿಸಿ ಕುಗ್ಗಿಸೋದು ಸ್ವಿಚ್ ಒತ್ತಿದ ಹಾಗಲ್ಲ ಅನ್ನೋದಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ನನಗೆ ಗೊತ್ತಿಲ್ಲ. ಆ ದಿನ ಉತ್ತರದ ರನ್‌ವೇಯಿಂದ ಟೇಕಾಫ್, ದಕ್ಷಿಣದ್ದರಲ್ಲಿ ಲ್ಯಾಂಡಿಂಗ್ ನಡೀತಿತ್ತು. ಆಮೇಲೆ ಎರಡಕ್ಕೂ ಉತ್ತರದ್ದೊಂದೇ ಸಾಕು ಅಂತ ತೀರ್ಮಾನ ಆಯ್ತು, ದಕ್ಷಿಣದ್ದನ್ನ ಮುಚ್ಚಿದ್ರು. ಆ ವಿಷಯ ದಕ್ಷಿಣದ ಟವರಿಗೆ ತಲುಪ್ಲಿಲ್ಲ. ಅವರು ಕೋಲ್ಕತ್ತಾ ಫ್ಲೈಟಿಗೆ ಟೇಕಾಫ್ ಕೊಟ್ರು, ಅದೇ ಹೊತ್ತಿಗೆ ಉತ್ತರದವರು ಭುವನೇಶ್ವರ ಫ್ಲೈಟಿಗೆ ಕೊಟ್ರು, ಎರಡೂ ಇಂಡಿಗೋ, ಮೇಲೆ ಹೋದ್ಮೇಲೆ ಒಂದರ ದಾರಿಗೆ ಇನ್ನೊಂದು ಬರ್ತಿತ್ತು. ರೇಡಾರ್ ನೋಡ್ತಿದ್ದ ಕಂಟ್ರೋಲರ್ ಕಣ್ಣಿಗೆ ಬಿದ್ದು ಎರಡನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ರಿಂದ 400ಕ್ಕೂ ಹೆಚ್ಚು ಜನ ಉಳಿದ್ರು. ಕಾಗದದ ಮೇಲೆ ಒಂದು ರನ್‌ವೇ ಮುಚ್ಚೋದು ಅಂದ್ರೆ ಒಂದು ಸಾಲಿನ ಮಾತು, ಆ ಸಾಲು ಎಷ್ಟು ಕಿವಿಗೆ ಮುಟ್ಬೇಕು ನೋಡಿ.

ಬಿಲ್ ಎಲ್ಲಿಗೆ ಬಂತು

ನಷ್ಟ ಎಲ್ಲಿಗೂ ಮಾಯ ಆಗಲ್ಲ, ಜಾಗ ಬದಲಾಯಿಸುತ್ತೆ. ಏರ್‌ಪೋರ್ಟ್ ದರ ಹಾಕೋ ಪದ್ಧತಿಯಲ್ಲಿ ಟ್ರೂ-ಅಪ್ ಅಂತ ಒಂದಿದೆ. ಐದು ವರ್ಷಕ್ಕೆ ಇಷ್ಟು ಜನ ಬರ್ತಾರೆ, ಇಷ್ಟು ಖರ್ಚು ಅಂತ ಅಂದಾಜು ಮಾಡಿ ದರ ಕಟ್ತಾರೆ, ಜನ ಕಡಿಮೆ ಬಂದು ಕೊರತೆ ಆದ್ರೆ ಅದನ್ನ ಮುಂದಿನ ಐದು ವರ್ಷದ ದರಕ್ಕೆ ಸೇರಿಸ್ತಾರೆ. ಅಂಗಡಿಯವನು ವ್ಯಾಪಾರ ಇಲ್ಲ ಅಂತ ರೇಟ್ ಇಳಿಸ್ತಾನೆ, ಇಲ್ಲಿ ವ್ಯಾಪಾರ ಇಲ್ಲ ಅಂತ ರೇಟ್ ಏರುತ್ತೆ. 2020ರಲ್ಲಿ ಮನೇಲಿ ಕೂತಿದ್ದೋರ ಕೊರತೆಯನ್ನ 2023ರಲ್ಲಿ ಹಾರೋರು ತುಂಬ್ತಾರೆ. ಮಂಗಳೂರಲ್ಲಿ 2023ರಿಂದ ಹೊರಡೋ ಡೊಮೆಸ್ಟಿಕ್ ಪ್ರಯಾಣಿಕರ ಯುಡಿಎಫ್ ಮೂರು ಪಟ್ಟಿಗೂ ಮೇಲೆ ಹೋಯ್ತು. ಅದು ಬರೀ ಕೊರೊನಾ ಕೊರತೆ ಅಂತ ಅಲ್ಲ, ಹೊಸ ಕಟ್ಟಡ ಎಲ್ಲ ಸೇರಿದೆ, ಆದ್ರೆ ಲೆಕ್ಕದ ದಾರಿ ಇದೇ. ಸೆಕ್ಯೂರಿಟಿ ಶುಲ್ಕದ್ದೂ ಹೀಗೇ, ಅದು ಎಎಐ ಜೇಬಿಗೆ ಹೋಗಲ್ಲ, ಆದ್ರೆ 2020ರ ಸೆಪ್ಟೆಂಬರಲ್ಲಿ ಡೊಮೆಸ್ಟಿಕ್ ಟಿಕೆಟಿಗೆ 150ರಿಂದ 160 ಆಗಿ, ಏಳು ತಿಂಗಳಿಗೆ 200 ಆಯ್ತು. ಕಾವಲಿಗೆ ನಿಂತಿರೋ ಜವಾನರ ಸಂಖ್ಯೆ ಅಷ್ಟೇ, ಹಂಚ್ಕೊಳ್ಳೋ ತಲೆ ಕಡಿಮೆ.

ದೆಹಲಿ, ಮುಂಬೈ ಜಗಳ ಮಧ್ಯಸ್ಥಿಕೆಗೆ ಹೋಗಿ, 2024ರ ಜನವರಿಯಲ್ಲಿ ತೀರ್ಪು ಬಂತು, 2020ರ ಮಾರ್ಚಿಂದ 2022ರ ಫೆಬ್ರವರಿ ಕೊನೆ ತನಕದ ಪಾಲು ಅವರು ಕೊಡ್ಬೇಕಾಗಿಲ್ಲ ಅಂತ. ಎಎಐ ಹೈಕೋರ್ಟಿಗೆ ಹೋದ್ರೂ ಅಲ್ಲೂ ಗೆಲ್ಲಲಿಲ್ಲ. ಅಷ್ಟೊತ್ತಿಗೆ ಎಎಐ ಮತ್ತೆ ಲಾಭಕ್ಕೆ ಬಂದಾಗಿತ್ತು, ಹಾಗಾಗಿ ಪೇಪರಲ್ಲಿ ಒಳಗಿನ ಪುಟದ ಸುದ್ದಿ ಆಯ್ತು ಅಷ್ಟೆ.

ಭಾವನ ಏರ್‌ಪೋರ್ಟಲ್ಲಿ ಈಗ ದಿನಕ್ಕೆ ಏಳೆಂಟು ಫ್ಲೈಟ್ ಇದೆ. ಮೊನ್ನೆ ಹಬ್ಬಕ್ಕೆ ಬಂದಿದ್ರು, ಕೆಲಸ ಜಾಸ್ತಿ ಆಯ್ತಾ ಭಾವ ಅಂದೆ. ಅದೇ ಗಾಡಿ, ಅದೇ ಐದೂವರೆ ಅಂದ್ರು. ನವಿಲು ಮಾತ್ರ ಕಡಿಮೆ ಆಗಿದಾವಂತೆ.